ಡೆಲ್ಟಾ ಬಿದ್ದಾಗ ಮಾತ್ರ ಟ್ರಿಪ್: ಹಾವೇರಿ ಜಿಲ್ಲೆಯ ಒಂದು ಕೋಲ್ಡ್ ಸ್ಟೋರೇಜ್ ಪ್ರಕರಣ

ಹಾವೇರಿ ಜಿಲ್ಲೆಯ ಒಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ನಲ್ಲಿ ನಡೆದದ್ದು ಇದು. ಅಲ್ಲಿನ ಕಂಪ್ರೆಸರ್ ಮೋಟರ್ ಚಾಲೂ ಮಾಡುವಾಗ ಪದೇ ಪದೇ ಟ್ರಿಪ್ ಆಗುತ್ತಿತ್ತು, ಅಂದರೆ ಕರೆಂಟ್ ತಾನಾಗಿ ಕಡಿಯುತ್ತಿತ್ತು. ಮಾಲೀಕರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಹೆಸರು, ಕೆಲಸ ಮಾಡಿದ ಗುತ್ತಿಗೆದಾರರು ಯಾರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಗುರುತು ಹತ್ತಬಾರದೆಂದು ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಅಳತೆ ಮತ್ತು ಲೆಕ್ಕ ಮಾತ್ರ ಇದ್ದ ಹಾಗೆಯೇ ಇವೆ. ಹುಬ್ಬಳ್ಳಿಯ ಫ್ಯಾಕ್ಟರಿ ಇರಲಿ, ಗದಗ ಕಡೆಯ ಜಿನ್ನಿಂಗ್ ಮಿಲ್ ಇರಲಿ, ದೊಡ್ಡ ಮೋಟರ್ ನೋಡಿಕೊಳ್ಳುವ ಎಲೆಕ್ಟ್ರೀಶಿಯನ್ನರು ಇದನ್ನು ಓದಬೇಕು ಎಂಬುದು ನನ್ನ ಆಸೆ. ಇಲ್ಲಿ ಒಬ್ಬ ಮನುಷ್ಯನ ಜೀವ ಹೋಗುವುದರಲ್ಲಿತ್ತು. ಅದಕ್ಕೆ ಕಾರಣವಾದ ಕೆಲಸಗಳು ನಮ್ಮ ಕಡೆ ದಿನಾ ನಡೆಯುವಂಥವೇ.

ಜಾಗ ಮತ್ತು ಯಂತ್ರ

ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಸಿಗುವುದು ಖಾರಕ್ಕಲ್ಲ, ಬಣ್ಣಕ್ಕೆ. ಬೇಸಿಗೆಯ ಬಿಸಿಯಲ್ಲಿ ಹೊರಗೆ ಬಿದ್ದರೆ ಬಣ್ಣ ಹೋಗುತ್ತದೆ, ಹುಳು ಬೀಳುತ್ತದೆ. ಹಾಗಾಗಿ ಸುಗ್ಗಿ ಮುಗಿಯುವ ಹೊತ್ತಿಗೆ ವ್ಯಾಪಾರಿಗಳೂ ರೈತರೂ ಚೀಲಗಳನ್ನು ಸ್ಟೋರೇಜಿಗೆ ತಂದು ಇಡುತ್ತಾರೆ. ಮಾರ್ಚ್, ಏಪ್ರಿಲ್‌ನಲ್ಲಿ ಚೇಂಬರ್‌ಗಳು ತುಂಬಿರುತ್ತವೆ. ಹೊರಗಿನ ಬಿಸಿಲೂ ಆಗಲೇ ಏರಿರುತ್ತದೆ. ಕಂಪ್ರೆಸರ್ ನಿಲ್ಲಬಾರದ ಕಾಲ ಅದು.

ಇಲ್ಲಿ ಅಮೋನಿಯಾದ ಎರಡು ಕಂಪ್ರೆಸರ್‌ಗಳಿದ್ದವು. ಒಂದೊಂದಕ್ಕೆ 90 ಕಿಲೋವ್ಯಾಟ್‌ನ, 415 ವೋಲ್ಟ್‌ನ ಮೋಟರ್. ಪೂರ್ತಿ ಲೋಡಿನಲ್ಲಿ ಸುಮಾರು 155 ಆಂಪಿಯರ್ ಎಳೆಯುತ್ತದೆ. ಹೊರಗೆ 250 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್), 11 ಕೆವಿಯಿಂದ 433 ವೋಲ್ಟ್‌ಗೆ. ಎರಡೂ ಮೋಟರ್‌ಗಳಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ (ಮೋಟರನ್ನು ಮೊದಲು ಕಡಿಮೆ ವೋಲ್ಟೇಜಿನ ಸ್ಟಾರ್ ಜೋಡಣೆಯಲ್ಲಿ ಎಬ್ಬಿಸಿ, ಆಮೇಲೆ ಪೂರ್ತಿ ವೋಲ್ಟೇಜಿನ ಡೆಲ್ಟಾಕ್ಕೆ ಬದಲಿಸುವ ಸಾಧನ), ಮುಂದೆ 200 ಆಂಪಿಯರ್‌ನ ಎಂಸಿಸಿಬಿ (ಕರೆಂಟ್ ಮಿತಿ ಮೀರಿದರೆ ಕಡಿಯುವ ಬ್ರೇಕರ್), ಜೊತೆಗೆ ಅರ್ತ್ ಲೀಕೇಜ್ ರಿಲೇ (ನೆಲಕ್ಕೆ ಕರೆಂಟ್ ಸೋರಿದರೆ ಬ್ರೇಕರ್ ಬೀಳಿಸುವ ಸಾಧನ). ಪ್ಯಾನೆಲ್ ರೂಮಿನಿಂದ ಕಂಪ್ರೆಸರ್ ರೂಮಿಗೆ ಟ್ರೆಂಚಿನಲ್ಲಿ ಸುಮಾರು 60 ಮೀಟರ್ ದೂರ. ಸ್ಟಾರ್-ಡೆಲ್ಟಾ ಆದ್ದರಿಂದ ಒಂದು ಮೋಟರ್‌ಗೆ ಎರಡು ಕೇಬಲ್. ಎರಡೂ ಮೂರು ಕೋರಿನ (ಒಳ ತಂತಿಯ) 70 ಚದರ ಮಿಲಿಮೀಟರ್ ಅಲ್ಯೂಮಿನಿಯಂ ಆರ್ಮರ್ಡ್ ಕೇಬಲ್, ಅಂದರೆ ಸುತ್ತಲೂ ಲೋಹದ ತಂತಿಯ ಕವಚ (ಆರ್ಮರ್) ಇರುವಂಥದ್ದು.

ನೆಲದ ಬಗ್ಗೆ ಒಂದು ಮಾತು ಹೇಳಬೇಕು. ಈ ಕಟ್ಟಡ ನಿಂತಿರುವುದು ಎರೆ ಭೂಮಿಯ ಮೇಲೆ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಹಿಡಿದುಕೊಂಡು ಕರೆಂಟನ್ನು ಚೆನ್ನಾಗಿ ಒಯ್ಯುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಕುಗ್ಗಿ ಕೈ ತೂರಿಸುವಷ್ಟು ಬಿರುಕು ಬಿಡುತ್ತದೆ. ಅರ್ತ್ ಪೈಪಿನ ಸುತ್ತಲಿನ ಮಣ್ಣೂ ಪೈಪನ್ನು ಬಿಟ್ಟು ಹಿಂದೆ ಸರಿಯುತ್ತದೆ. ಜುಲೈನಲ್ಲಿ ಪಿಟ್ (ಆ ಪೈಪ್ ಹೂತ ಗುಂಡಿ) ಅಳೆದು ಬರೆದಿಟ್ಟ ಓಮ್ ಲೆಕ್ಕವನ್ನು ಏಪ್ರಿಲ್‌ನಲ್ಲಿ ನಂಬಿಕೊಂಡು ಕೂರಲು ಆಗುವುದಿಲ್ಲ.

ತೊಂದರೆ ಶುರುವಾದದ್ದು

ಒಂದನೇ ಕಂಪ್ರೆಸರ್ ಬೆಳಿಗ್ಗೆ ಚಾಲೂ ಮಾಡುವಾಗ ಟ್ರಿಪ್ ಆಗತೊಡಗಿತು. ಸ್ಟಾರ್‌ನಲ್ಲಿ ಮೋಟರ್ ಎದ್ದು ಸ್ಪೀಡ್ ಹಿಡಿಯುತ್ತಿತ್ತು. ಟೈಮರ್ ಮುಗಿದು ಡೆಲ್ಟಾ ಕಾಂಟ್ಯಾಕ್ಟರ್ (ಡೆಲ್ಟಾ ಜೋಡಣೆ ಮಾಡುವ ಸ್ವಿಚ್) ಬಿದ್ದು ಕೂಡಿಕೊಂಡ ಕೂಡಲೇ ಅರ್ತ್ ಲೀಕೇಜ್ ರಿಲೇ ಕೆಲಸ ಮಾಡಿ ಬ್ರೇಕರ್ ಬೀಳುತ್ತಿತ್ತು, ಅಂದರೆ ಕರೆಂಟ್ ಕಡಿಯುತ್ತಿತ್ತು. ಒಂದೊಂದು ದಿನ ಮೂರನೇ ನಾಲ್ಕನೇ ಸಲಕ್ಕೆ ಟ್ರಿಪ್ ಆಗದೆ ಓಡತೊಡಗುತ್ತಿತ್ತು. ಒಮ್ಮೆ ಓಡಿತೆಂದರೆ ಸಂಜೆವರೆಗೂ ತಕರಾರಿಲ್ಲ. ರಾತ್ರಿ ನಿಲ್ಲಿಸಿ ಮರುದಿನ ಬೆಳಿಗ್ಗೆ ಹಾಕಿದರೆ ಮತ್ತೆ ಅದೇ ಕಥೆ.

ಹೀಗಿದ್ದಾಗ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು, "ಇದು ಸ್ಟಾರ್ಟಿಂಗ್ ಪ್ರಾಬ್ಲಮ್." ಆ ಹೆಸರು ಇಟ್ಟ ಮೇಲೆ ಎಲ್ಲರೂ ಸ್ಟಾರ್ಟರ್ ಮತ್ತು ಮೋಟರ್ ಹತ್ತಿರವೇ ನಿಂತರು. ಮಧ್ಯದಲ್ಲಿದ್ದ 60 ಮೀಟರ್ ಕೇಬಲನ್ನು ಯಾರೂ ನೋಡಲಿಲ್ಲ.

ಒಂದೊಂದಾಗಿ ಮಾಡಿ ನೋಡಿದ್ದು

ಮೊದಲು ಟೈಮರ್. ಮೋಟರ್ ಇನ್ನೂ ಸ್ಪೀಡ್ ಹಿಡಿಯುವ ಮುಂಚೆಯೇ ಡೆಲ್ಟಾ ಬೀಳುತ್ತಿದೆ, ಅದಕ್ಕೇ ಜಾಸ್ತಿ ಕರೆಂಟ್ ಎಳೆಯುತ್ತಿದೆ ಎಂದು ಒಬ್ಬರು ಹೇಳಿದರು. 8 ಸೆಕೆಂಡ್ ಇದ್ದದ್ದನ್ನು 15 ಮಾಡಿದರು. ಟ್ರಿಪ್ ನಿಲ್ಲಲಿಲ್ಲ. 8ನೇ ಸೆಕೆಂಡಿಗೆ ಆಗುತ್ತಿದ್ದದ್ದು 15ನೇ ಸೆಕೆಂಡಿಗೆ ಆಯಿತು, ಅಷ್ಟೇ. ಮೋಟರ್ ಸ್ಪೀಡಿನ ಸಮಸ್ಯೆ ಆಗಿದ್ದರೆ ಟೈಮ್ ಕೊಟ್ಟಾಗ ಕಡಿಮೆ ಆಗಬೇಕಿತ್ತು. ಟ್ರಿಪ್ ಟೈಮರ್‌ನ ಜೊತೆಗೇ ಸರಿದಿದೆ ಎಂದರೆ ಅದು ಡೆಲ್ಟಾ ಕಾಂಟ್ಯಾಕ್ಟರ್‌ಗೆ ಗಂಟುಬಿದ್ದಿದೆ ಎಂದರ್ಥ. ಇಡೀ ಪ್ರಕರಣದ ಮೊದಲ ಸುಳಿವು ಇದೇ ಆಗಿತ್ತು. ಆದರೆ ಅವರು ಇದನ್ನು ಓದಿದ್ದು ಬೇರೆ ರೀತಿ. ಡೆಲ್ಟಾ ಕಾಂಟ್ಯಾಕ್ಟರ್ ಕೆಟ್ಟಿದೆ ಎಂದುಕೊಂಡು ಹೊಸದು ಹಾಕಿದರು. ಅದರಿಂದಲೂ ಏನೂ ಆಗಲಿಲ್ಲ.

ಆಮೇಲೆ ರಿಲೇ ಮೇಲೆ ಕಣ್ಣು ಬಿತ್ತು. "ಚೇಂಜ್‌ಓವರ್ ಆಗುವಾಗ ಒಂದು ಝಟಕಾ ಬರುತ್ತದೆ, ಅದಕ್ಕೆ ರಿಲೇ ಸುಮ್ನೆ ಹೆದರಿ ಬೀಳುತ್ತಿದೆ" ಎಂಬುದು ಆಗ ಬಂದ ಗುತ್ತಿಗೆದಾರರ ವಾದ. ಇದನ್ನು ಸುಳ್ಳು ಎಂದು ತಳ್ಳಿಹಾಕುವಂತಿಲ್ಲ. ಸ್ಟಾರ್ ಬಿಟ್ಟು ಡೆಲ್ಟಾ ಬೀಳುವ ಮಧ್ಯದ ಚೂರು ಹೊತ್ತಿನಲ್ಲಿ ಮೋಟರ್ ತಿರುಗುತ್ತಲೇ ಇರುತ್ತದೆ, ಅದರಲ್ಲಿ ಸ್ವಲ್ಪ ವೋಲ್ಟೇಜ್ ಉಳಿದಿರುತ್ತದೆ. ಅದು ಲೈನಿನ ವೋಲ್ಟೇಜಿಗೆ ಹೊಂದದ ಗಳಿಗೆಯಲ್ಲಿ ಡೆಲ್ಟಾ ಬಿದ್ದರೆ ಕ್ಷಣ ಮಾತ್ರ ಭಾರೀ ಕರೆಂಟ್ ಹರಿಯುತ್ತದೆ. ಮೂರೂ ಫೇಸ್ ಹಾದುಹೋಗುವ ರಿಂಗ್ ಸಿಟಿಯಲ್ಲಿ (ಸೋರುವ ಕರೆಂಟನ್ನು ಅಳೆದು ರಿಲೇಗೆ ತಿಳಿಸುವ ಬಳೆ) ಕೇಬಲ್‌ಗಳು ಸರಿಯಾಗಿ ನಡುವೆ ಕೂತಿರದಿದ್ದರೆ ಇಲ್ಲದ ಲೀಕೇಜ್ ಇದ್ದ ಹಾಗೆ ಕಾಣಬಹುದು.

ಆದರೆ ಆ ಝಟಕಾ ಕರೆಂಟಿನ ಕೆಲವು ಸೈಕಲ್‌ಗಳಲ್ಲಿ, ಅಂದರೆ ಸೆಕೆಂಡಿನ ಒಂದು ಚೂರಿನಲ್ಲಿ, ಮುಗಿದುಹೋಗುತ್ತದೆ. ರಿಲೇ 300 ಮಿಲಿಆಂಪಿಯರ್, 0.1 ಸೆಕೆಂಡಿಗೆ ಸೆಟ್ ಆಗಿತ್ತು. ತಡವನ್ನು 1 ಸೆಕೆಂಡಿಗೆ ಏರಿಸಿದರು. ಆದರೂ ಟ್ರಿಪ್. 1 ಸೆಕೆಂಡ್ ಕಾದರೂ ರಿಲೇ ಬಿಡುತ್ತಿಲ್ಲ ಎಂದಾಗ ಅದನ್ನು ನಂಬಬೇಕಿತ್ತು. ನಿಜವಾಗಿಯೂ ಎಲ್ಲೋ ಕರೆಂಟ್ ಸೋರುತ್ತಿದೆ ಎಂದು ಅದು ಹೇಳುತ್ತಿತ್ತು. ಅದರ ಬದಲು 300 ಮಿಲಿಆಂಪಿಯರನ್ನು 3 ಆಂಪಿಯರ್ ಮಾಡಿದರು. ಕೆಲವು ದಿನ ನಡೆಯಿತು.

ಮತ್ತೆ ಬೀಳಲು ಶುರುವಾದಾಗ ಮೋಟರ್ ಬಿಚ್ಚಿ ಹುಬ್ಬಳ್ಳಿಗೆ ಒಯ್ದರು. ವೈಂಡಿಂಗ್ ಅಂಗಡಿಯವರು ಮೆಗ್ಗರ್ (ಹೆಚ್ಚಿನ ವೋಲ್ಟೇಜ್ ಕೊಟ್ಟು ಇನ್ಸುಲೇಶನ್ ಅಳೆಯುವ ಮೀಟರ್) ಹಾಕಿ ನೋಡಿ ನೇರವಾಗಿಯೇ ಹೇಳಿದ್ದರಂತೆ, "ಸಾಹೇಬ್ರ, ಮೋಟರ್ ಚಲೋ ಐತ್ರಿ, ಕಟ್ಟೂದು ಬ್ಯಾಡ." 90 ಮೆಗಾಓಮ್ ಬಂದಿತ್ತು. ಈ ಬಗೆಯ ಮೋಟರ್‌ಗೆ 40 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ ಹಾಕಿದಾಗ 5 ಮೆಗಾಓಮ್ ಇದ್ದರೆ ಸಾಕು ಎಂಬುದು ಎಲ್ಲ ಕಡೆ ಒಪ್ಪಿದ ಕನಿಷ್ಠ ಮಟ್ಟ. ಆದರೂ ಮೋಟರ್ ಒಯ್ದವರು ಬಿಡಲಿಲ್ಲ. ಪೂರ್ತಿ ಕಟ್ಟಿಸಿಕೊಂಡೇ ಬಂದರು.

ಇಲ್ಲಿ ಎಲ್ಲರನ್ನೂ ದಾರಿ ತಪ್ಪಿಸಿದ ಸಂಗತಿ ಒಂದಿದೆ. ಮೋಟರ್ ಇಲ್ಲದ ದಿನಗಳಲ್ಲಿ ಹೇಗೂ ಕೆಲಸ ನಿಂತಿದೆ ಎಂದು ಟ್ರೆಂಚಿನ ನೀರು ಹೊರಗೆ ಚೆಲ್ಲಿ, ಕೆಸರು ತೆಗೆದು, ಮುಚ್ಚಳ ತೆರೆದಿಟ್ಟಿದ್ದರು. ಟ್ರೆಂಚ್ ಒಣಗಿತು. ಮೋಟರ್ ಬಂದು ಕೂತಿತು, ಒಂದು ಟ್ರಿಪ್ಪೂ ಇಲ್ಲದೆ ಓಡಿತು. ಹೆಸರು ಬಂದದ್ದು ಹೊಸ ವೈಂಡಿಂಗಿಗೆ. ಕೂಲಿಂಗ್ ಟವರ್‌ನ ನೀರು ಮತ್ತೆ ಟ್ರೆಂಚಿಗೆ ಇಳಿದ ಮೇಲೆ ಹಳೇ ಕಾಟ ವಾಪಸ್ ಬಂತು. ಒಂದೇ ಹೊತ್ತಿಗೆ ಎರಡು ಬದಲಾವಣೆ ಮಾಡಿದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದೇ ಇಲ್ಲ.

ಕೊನೆಗೆ ಸೀಸನ್ ಒತ್ತಡದಲ್ಲಿ ಯಾರೋ ರಿಲೇಯ ವೈರ್ ಬಿಚ್ಚಿಟ್ಟರು. ಟ್ರಿಪ್ ನಿಂತುಹೋಯಿತು. ಜೊತೆಗೆ ಸಾಫ್ಟ್ ಸ್ಟಾರ್ಟರ್ (ಮೋಟರನ್ನು ಮೆಲ್ಲಗೆ ಎಬ್ಬಿಸುವ ಎಲೆಕ್ಟ್ರಾನಿಕ್ ಸಾಧನ) ಹಾಕಿಸಿ ಎಂಬ ಸಲಹೆಯೂ ಬಂತು. ಅದರ ಕೊಟೇಶನ್ ಮಾಲೀಕರ ಮೇಜಿನ ಮೇಲಿದ್ದಾಗಲೇ ಒಬ್ಬ ಹೆಲ್ಪರ್‌ಗೆ ಮೋಟರ್ ಬಾಡಿಯಿಂದ ಶಾಕ್ ಹೊಡೆಯಿತು. ಗಮ್‌ಬೂಟ್ ಹಾಕಿದ್ದ, ಕೈ ಕಿತ್ತುಕೊಂಡು ಹಿಂದೆ ಬಿದ್ದ, ಬದುಕಿದ. ನನ್ನನ್ನು ಕರೆಸಿದ್ದು ಅದಾದ ಮೇಲೆ.

ಹೆಲ್ಪರ್ ಹೇಳಿದ್ದು

ಹೋದ ಕೂಡಲೇ ಹಿಡಿದ ಪಟ್ಟು ಒಂದೇ: ಒಂದನೇ ಕಂಪ್ರೆಸರ್ ಬಂದ್ ಆಗಬೇಕು. ಮಾಲೀಕರು ಒಪ್ಪಲು ಹಿಂದೇಟು ಹಾಕಿದರು. ಅವರ ಚಿಂತೆ ಅರ್ಥವಾಗುವಂಥದ್ದೇ. ಒಳಗಿರುವುದು ಊರ ಜನರ ಮಾಲು, ಬಣ್ಣ ಹೋದರೆ ಜವಾಬ್ದಾರಿ ಇವರದು. ಆದರೆ ಚೇಂಬರ್ ಒಮ್ಮೆ ತಣ್ಣಗಾದ ಮೇಲೆ ಬಾಗಿಲು ತೆಗೆಯದಿದ್ದರೆ ಆ ತಂಪು ಬೇಗ ಹೋಗುವುದಿಲ್ಲ. ಹಮಾಲರ ಕೆಲಸವನ್ನು ರಾತ್ರಿಗೆ ಹಾಕಿ, ಎರಡನೇ ಕಂಪ್ರೆಸರ್ ಒಂದನ್ನೇ ಬಿಡದೆ ಓಡಿಸಿದರೆ ಸಂಭಾಳಿಸಬಹುದು ಎಂದು ಕೂತು ಲೆಕ್ಕ ಹಾಕಿ ತೋರಿಸಿದ ಮೇಲೆ ಒಪ್ಪಿದರು. ಆ ಒಪ್ಪಿಗೆ ಸಿಗದಿದ್ದರೆ ಮುಂದಿನ ಯಾವ ಕೆಲಸವೂ ಆಗುತ್ತಿರಲಿಲ್ಲ.

ಆಮೇಲೆ ಶಾಕ್ ಹೊಡೆಸಿಕೊಂಡವರನ್ನು ಕರೆಸಿ ಕೂರಿಸಿಕೊಂಡೆ. ವಯಸ್ಸಾದವರು, ಕಂಪ್ರೆಸರ್ ರೂಮಿನಲ್ಲೇ ವರ್ಷಗಟ್ಟಲೆ ದುಡಿದವರು.

"ಕಾಕಾ, ಇದಕ್ಕ ಮೊದ್ಲ ಎಂದರ ಜುಮ್ ಅಂದಿತ್ತೇನ್ರಿ?"

"ಅಂದಿತ್ರಿ ಸರ್ರ, ಭಾಳ ಸಲ. ಆದ್ರ ಚಾಲೂ ಮಾಡಿದ ಕೂಡ್ಲೆ ಅಲ್ರಿ. ಅಲ್ಲಿ ಪ್ಯಾನೆಲ್ಲಿನ್ಯಾಗ ಟಕ್ ಅಂತ ಎರಡನೇದ್ದು ಬೀಳತೈತಲ್ರಿ, ಅದು ಬಿದ್ದ ಮ್ಯಾಲೆನ. ಅದಕ್ಕಿಂತ ಮೊದ್ಲ ಮುಟ್ಟಿದ್ರ ಏನೂ ಇರೂದಿಲ್ರಿ. ಸ್ವಲ್ಪ ಹೊತ್ತು ಓಡಿದ್ರ ಮತ್ತ ಕಡಿಮಿ ಆಗತೈತಿ."

"ಯಾರಿಗರ ಹೇಳಿದ್ರೇನು?"

"ಯಾರ್ ಕೇಳ್ತಾರ್ರಿ ನಮ್ನ."

ಬಂದು ಹೋದವರೆಲ್ಲ ಪ್ಯಾನೆಲ್ ಮುಂದೆ ನಿಂತು ಮೀಟರ್ ನೋಡಿದ್ದರು. ಅದೇ ಮೋಟರ್ ಪಕ್ಕದಲ್ಲಿ ದಿನಾ ನಿಲ್ಲುವ ಮನುಷ್ಯನನ್ನು ಒಬ್ಬರೂ ಕೇಳಿರಲಿಲ್ಲ. ಅವರ ಮೂರು ಮಾತಿನಲ್ಲಿ ಅರ್ಧ ಉತ್ತರ ಇತ್ತು: ಸ್ಟಾರ್‌ನಲ್ಲಿ ಇಲ್ಲ, ಡೆಲ್ಟಾದಲ್ಲಿ ಇದೆ, ಓಡುತ್ತಾ ಹೋದರೆ ಕಡಿಮೆ ಆಗುತ್ತದೆ.

ಖಾತ್ರಿ ಮಾಡಿಕೊಳ್ಳಲು ಒಂದೇ ಒಂದು ಸಲ ಮೋಟರ್ ಓಡಿಸಿದೆವು. ಮೊದಲು ಕಂಪ್ರೆಸರ್ ರೂಮನ್ನು ಖಾಲಿ ಮಾಡಿಸಿ ಹಗ್ಗ ಕಟ್ಟಿದೆವು. ಮೋಟರ್ ಬಾಡಿಗೆ ಒಂದು ವೈರ್, ದೂರದಲ್ಲಿ ಹಸಿ ನೆಲಕ್ಕೆ ಹೊಡೆದ ಕಬ್ಬಿಣದ ಗೂಟಕ್ಕೆ ಇನ್ನೊಂದು ವೈರ್, ಎರಡರ ನಡುವೆ ವೋಲ್ಟ್ ಮೀಟರ್. ಬಾಡಿಯ ಅರ್ತ್ ಪಟ್ಟಿಗೆ ಕ್ಲ್ಯಾಂಪ್ ಮೀಟರ್. ಎಲ್ಲವನ್ನೂ ಕರೆಂಟ್ ಇಲ್ಲದಾಗಲೇ ಕಟ್ಟಿ, ಮೀಟರ್‌ಗಳನ್ನು ಬಾಗಿಲ ಹೊರಗಿಂದ ಓದುವ ಹಾಗೆ ಇಟ್ಟೆವು. ಸ್ಟಾರ್‌ನಲ್ಲಿ ವೋಲ್ಟ್ ಮೀಟರ್ ಒಂದೆರಡು ವೋಲ್ಟ್ ಮೀರಲಿಲ್ಲ. ಡೆಲ್ಟಾ ಬಿತ್ತು. ಮೀಟರ್ 92ಕ್ಕೆ ಹಾರಿತು. ಅರ್ತ್ ಪಟ್ಟಿಯಲ್ಲಿ 10 ಆಂಪಿಯರ್. ಕೂಡಲೇ ಬಂದ್ ಮಾಡಿಸಿದೆ.

ನೀರು ಹರಿಯುವ ನೆಲದ ಮೇಲೆ ನಿಂತವನಿಗೆ 92 ವೋಲ್ಟ್ ಜೀವ ತೆಗೆಯಲು ಸಾಕು. ಪ್ಯಾನೆಲ್ ಮೇಲಿನ ಆಂಪಿಯರ್ ಮೀಟರ್ ಮಾತ್ರ ಎಂದಿನಂತೆಯೇ ಇತ್ತು. ಎಂಸಿಸಿಬಿಗೆ ಏನೂ ಗೊತ್ತಾಗಿರಲಿಲ್ಲ.

ಸ್ಟಾರ್‌ನಲ್ಲಿ ಯಾಕೆ ಇಲ್ಲ?

ಇಡೀ ಪ್ರಕರಣದ ಕೀಲಿ ಇಲ್ಲೇ ಇರುವುದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೋಟರ್‌ನಲ್ಲಿ ಮೂರು ವೈಂಡಿಂಗ್, ಆರು ತುದಿ. ಮೊದಲ ಕೇಬಲ್ ಯು-1, ವಿ-1, ಡಬ್ಲ್ಯೂ-1 ತುದಿಗಳಿಗೆ ಹೋಗುತ್ತದೆ. ಎರಡನೇ ಕೇಬಲ್ ಯು-2, ವಿ-2, ಡಬ್ಲ್ಯೂ-2 ತುದಿಗಳಿಂದ ಪ್ಯಾನೆಲ್ಲಿಗೆ ವಾಪಸ್ ಬರುತ್ತದೆ. ಸ್ಟಾರ್‌ನಲ್ಲಿದ್ದಾಗ ಆ ಎರಡನೇ ಕೇಬಲ್‌ನ ಮೂರೂ ಕೋರ್‌ಗಳನ್ನು ಸ್ಟಾರ್ ಕಾಂಟ್ಯಾಕ್ಟರ್ ಪ್ಯಾನೆಲ್ ಒಳಗೆ ಒಂದಕ್ಕೊಂದು ಕೂಡಿಸುತ್ತದೆ. ಅದೇ ಸ್ಟಾರ್ ಪಾಯಿಂಟ್. ಮೂರೂ ಫೇಸ್ ಸಮ ಇದ್ದರೆ ಸ್ಟಾರ್ ಪಾಯಿಂಟಿಗೂ ನೆಲಕ್ಕೂ ನಡುವೆ ವೋಲ್ಟೇಜ್ ಇಲ್ಲವೆನ್ನುವಷ್ಟು ಕಡಿಮೆ. ಅಂದರೆ ಎರಡನೇ ಕೇಬಲ್‌ನಲ್ಲಿ ಭಾರೀ ಕರೆಂಟ್ ಹರಿಯುತ್ತಿದ್ದರೂ ನೆಲದ ಲೆಕ್ಕದಲ್ಲಿ ಅದರ ವೋಲ್ಟೇಜ್ ಹತ್ತಿರ ಹತ್ತಿರ ಸೊನ್ನೆ. ಅದರ ಇನ್ಸುಲೇಶನ್ ಎಲ್ಲಿ ಹರಿದಿದ್ದರೂ ಹೊರಗೆ ತಳ್ಳುವ ಒತ್ತಡವೇ ಇಲ್ಲ.

ಡೆಲ್ಟಾ ಬಿದ್ದ ಗಳಿಗೆಯಲ್ಲಿ ಅದೇ ಮೂರು ಕೋರ್‌ಗಳು ನೇರವಾಗಿ ಫೇಸ್‌ಗಳಿಗೆ ಸೇರುತ್ತವೆ. ನೆಲಕ್ಕೆ 240 ವೋಲ್ಟ್ ಬರುತ್ತದೆ. ಹರಿದ ಜಾಗದಿಂದ ಕರೆಂಟ್ ಹೊರಬೀಳುವುದು ಆಗಲೇ.

ಮೋಟರ್ ವೈಂಡಿಂಗಿನ ಮೊದಲ ತುದಿಯಲ್ಲೋ ಮೊದಲ ಕೇಬಲ್‌ನಲ್ಲೋ ದೋಷ ಇದ್ದಿದ್ದರೆ ಸ್ಟಾರ್ ಬಟನ್ ಒತ್ತಿದ ಕೂಡಲೇ ಟ್ರಿಪ್ ಆಗಬೇಕಿತ್ತು. ಹಾಗಾಗಿ ಉಳಿಯುವುದು ಎರಡನೇ ಕೇಬಲ್, ಇಲ್ಲವೇ ವೈಂಡಿಂಗಿನ ಕೊನೆಯ ತುದಿ. ಮೋಟರ್ ಚೆನ್ನಾಗಿದೆ ಎಂದು ಹುಬ್ಬಳ್ಳಿಯವರು ಆಗಲೇ ಹೇಳಿದ್ದರು. ಇನ್ನು ಹುಡುಕಬೇಕಾದ ಜಾಗ ಒಂದೇ.

ಟ್ರೆಂಚಿನಲ್ಲಿ ಸಿಕ್ಕಿದ್ದು

ಎರಡೂ ಕೇಬಲ್‌ಗಳನ್ನು ಎರಡೂ ತುದಿಯಲ್ಲಿ ಬಿಚ್ಚಿಸಿ ಒಂದೊಂದೇ ಕೋರಿಗೆ ಮೆಗ್ಗರ್ ಹಾಕಿದೆವು. ಮೊದಲ ಕೇಬಲ್‌ನ ಮೂರೂ ಕೋರ್‌ಗಳು 300 ಮೆಗಾಓಮ್‌ಗಿಂತ ಮೇಲೆ. ಎರಡನೆಯದರಲ್ಲಿ ಎರಡು ಕೋರ್ ಚೆನ್ನಾಗಿದ್ದವು. ವಿ-2 ಕೋರಿಗೂ ಮೋಟರ್ ಕಡೆಯ ಆರ್ಮರ್‌ಗೂ ನಡುವೆ ಮುಳ್ಳು ಸೊನ್ನೆಯಿಂದ ಏಳಲೇ ಇಲ್ಲ. ವಿಚಿತ್ರ ಎಂದರೆ ಅದೇ ಕೋರಿಗೂ ಪ್ಯಾನೆಲ್ ಕಡೆಯ ಆರ್ಮರ್‌ಗೂ ನಡುವೆ ಒಂದಷ್ಟು ಮೆಗಾಓಮ್ ತೋರಿಸಿತು. ಒಂದೇ ಕೇಬಲ್‌ನ ಆರ್ಮರ್ ಎರಡು ತುದಿಯಲ್ಲಿ ಎರಡು ಥರ ತೋರಿಸುವುದು ಹೇಗೆ? ಆರ್ಮರ್ ಮಧ್ಯದಲ್ಲಿ ಎಲ್ಲೋ ಕಡಿದಿದೆ. ಕಡಿದಿದೆ ಎಂದರೆ ಜಾಯಿಂಟ್ ಇದೆ.

ಜಾಯಿಂಟ್ ಇಲ್ಲವೇ ಇಲ್ಲ ಎಂದರು ಮ್ಯಾನೇಜರ್. ಟ್ರೆಂಚ್ ಉದ್ದಕ್ಕೂ ಮುಚ್ಚಳ ಎತ್ತಿಸುತ್ತಾ ಹೋದೆವು. ಹೊಸ ಚೇಂಬರ್ ಕಟ್ಟಿದ ಕಡೆ ಟ್ರೆಂಚ್ ಸೊಟ್ಟ ತಿರುಗಿತ್ತು. ಆ ತಿರುವಿನಲ್ಲೇ, ನೀರಿನ ಪೈಪಿನ ಕೆಳಗೆ, ಕೆಸರಿನಲ್ಲಿ ಅರ್ಧ ಹೂತು ಅದು ಕೂತಿತ್ತು. ಟ್ರೆಂಚ್ ಪಕ್ಕಕ್ಕೆ ಸರಿಸಿದಾಗ ಕೇಬಲ್ ಉದ್ದ ಸಾಲದೆ ಕತ್ತರಿಸಿ ತುಂಡು ಸೇರಿಸಿದ್ದರು. ಕರೀ ಪಿವಿಸಿ ಟೇಪ್ ಸುತ್ತಿ ಬಿಟ್ಟಿದ್ದರು. ಹೀಟ್ ಶ್ರಿಂಕ್ ಇಲ್ಲ, ಜಾಯಿಂಟ್ ಕಿಟ್ ಇಲ್ಲ. ಟೇಪ್ ಬಿಚ್ಚುತ್ತಾ ಹೋದಂತೆ ಒಳಗಿನಿಂದ ನೀರು ತೊಟ್ಟಿಕ್ಕಿತು. ಕೊನೆಯ ಸುತ್ತುಗಳು ಸುಟ್ಟು ಒಂದಕ್ಕೊಂದು ಅಂಟಿದ್ದವು, ಬ್ಲೇಡ್ ಹಾಕಿ ಕೊಯ್ಯಬೇಕಾಯಿತು. ತುಂಡುಗಳನ್ನು ಸೇರಿಸಿದ್ದ ಅಲ್ಯೂಮಿನಿಯಂ ಫೆರೂಲ್ (ನಳಿಕೆ) ಮೇಲೆ ಬಿಳಿ ಪುಡಿ ಹತ್ತಿತ್ತು. ಪಕ್ಕದಲ್ಲೇ ಮೊಂಡಾಗಿ ಕತ್ತರಿಸಿದ ಆರ್ಮರ್ ತಂತಿಗಳು ತುಕ್ಕು ಹಿಡಿದು ಕೋರಿನ ಕಡೆಗೆ ಬಾಗಿದ್ದವು. ಎರಡರ ನಡುವೆ ಮಸಿಯಂಥ ಕರೀ ಗೆರೆ. ಎರಡೂ ಕಡೆಯ ಆರ್ಮರ್ ಕೂಡಿಸುವ ಒಂದು ತುಂಡು ತಂತಿಯೂ ಇರಲಿಲ್ಲ.

ಬೆಳಗಿನ ಟ್ರಿಪ್‌ನ ಗುಟ್ಟೂ ಇಲ್ಲಿ ಬಿಟ್ಟಿತು. ಲೀಕೇಜ್ 10 ಆಂಪಿಯರ್ ಇದ್ದಾಗ ಈ ಜಾಯಿಂಟಿನ ಒಳಗೆ ಸಾವಿರ ವ್ಯಾಟ್‌ಗಿಂತ ಜಾಸ್ತಿ ಶಾಖ ಹುಟ್ಟುತ್ತಿತ್ತು. ಮೋಟರ್ ಓಡಿದಂತೆ ನೀರು ಆವಿಯಾಗಿ, ಸೋರುವುದು ಕಡಿಮೆಯಾಗುತ್ತಿತ್ತು. ರಾತ್ರಿ ನಿಲ್ಲಿಸಿದಾಗ ತಣ್ಣಗಾಗಿ ಮತ್ತೆ ನೀರು ಎಳೆದುಕೊಳ್ಳುತ್ತಿತ್ತು. ಒಂದೊಂದು ಸಲವೂ ಇಂಗಾಲದ ಗೆರೆ ಚೂರು ದಪ್ಪ ಆಗುತ್ತಿತ್ತು. ಆ ಟ್ರೆಂಚ್ ಒಣ ಮೆಣಸಿನಕಾಯಿ ಮತ್ತು ಗೋಣಿಚೀಲ ತುಂಬಿದ ಕಟ್ಟಡದ ಕೆಳಗೇ ಹಾಯುತ್ತದೆ ಎಂಬುದನ್ನು ನೆನೆಸಿಕೊಂಡರೆ ಈಗಲೂ ಮೈ ಬೆವರುತ್ತದೆ.

ಅರ್ತ್ ಪಿಟ್ ಇತ್ತು, ಆದರೂ

ಕೇಬಲ್ ದೋಷ ಸಿಕ್ಕಿತು. ಬಹಳ ಜನ ಇಲ್ಲಿಗೆ ಕೆಲಸ ಮುಗಿಯಿತು ಎನ್ನುತ್ತಾರೆ. ನನ್ನ ಪ್ರಕಾರ ದೊಡ್ಡ ದೋಷ ಇದಲ್ಲ. ಕೇಬಲ್ ಯಾವತ್ತಾದರೂ ಕೆಡುವುದೇ. ಕೆಟ್ಟಾಗ ಬ್ರೇಕರ್ ಬೀಳಬೇಕಿತ್ತು, ಮನುಷ್ಯ ಬೀಳಬಾರದಿತ್ತು. ಬ್ರೇಕರ್ ಯಾಕೆ ಬೀಳಲಿಲ್ಲ?

ಮ್ಯಾನೇಜರ್ ನನ್ನನ್ನು ಕರೆದೊಯ್ದು ಅರ್ತ್ ಪಿಟ್ ತೋರಿಸಿದರು. "ನೋಡ್ರಿ ಸರ್, ಎರಡ ಪಿಟ್ ಅದಾವ. ಮೋಟರ್‌ಗೆ ಎರಡ ಪಟ್ಟಿ ಕೊಟ್ಟೇವಿ. ವಾರಕ್ಕೊಮ್ಮೆ ಉಪ್ಪು-ನೀರು ಹಾಕಸ್ತೀವ್ರಿ." ಎಲ್ಲ ನಿಜ. ಮೋಟರ್ ಬಾಡಿಗೆ ಎರಡು ಪ್ರತ್ಯೇಕ ಅರ್ತ್ ಸಂಪರ್ಕ ಬೇಕು ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲಿತ್ತು, ಅದರ ಜಾಗಕ್ಕೆ ಬಂದ 2023ರ ನಿಯಮಗಳಲ್ಲೂ ಇದೆ. ಕಾಗದದ ಮೇಲೆ ನಿಯಮ ಪಾಲನೆ ಆಗಿತ್ತು. ಆದರೆ ಆ ಎರಡು ಪಿಟ್‌ಗಳು ಒಂದು ಮೀಟರ್ ಅಂತರದಲ್ಲಿದ್ದವು. ಕನಿಷ್ಠ ಪೈಪಿನ ಉದ್ದದಷ್ಟಾದರೂ ದೂರ ಇರದಿದ್ದರೆ ಎರಡೂ ಒಂದೇ ಮಣ್ಣನ್ನು ಹಂಚಿಕೊಳ್ಳುತ್ತವೆ, ಎರಡನೆಯದರಿಂದ ಸಿಗುವ ಲಾಭ ಅಷ್ಟಕ್ಕಷ್ಟೇ. ಅದಕ್ಕಿಂತ ಮುಖ್ಯವಾಗಿ, ಆ ಪಿಟ್‌ಗಳಿಂದ ಪ್ಯಾನೆಲ್ಲಿನ ಅರ್ತ್ ಬಸ್‌ಬಾರ್‌ಗಾಗಲಿ (ಅರ್ತ್ ವೈರ್‌ಗಳೆಲ್ಲ ಸೇರುವ ಲೋಹದ ಪಟ್ಟಿ), ಟಿಸಿಯ ನ್ಯೂಟ್ರಲ್ ಅರ್ತ್‌ಗಾಗಲಿ ಲೋಹದ ಸಂಪರ್ಕವೇ ಇರಲಿಲ್ಲ.

ಅರ್ತ್ ಟೆಸ್ಟರ್ ಹಾಕಿ ಅಳೆದೆವು. ಮೋಟರ್ ಪಿಟ್‌ಗಳು ಕೂಡಿ 9 ಓಮ್. ಟಿಸಿ ನ್ಯೂಟ್ರಲ್ ಪಿಟ್ 2 ಓಮ್. ಈಗ ಲೆಕ್ಕ ಮಾಡಿ ನೋಡಿ.

ಕೋರ್ ನೇರವಾಗಿ ಬಾಡಿಗೆ ತಗುಲಿತು ಅಂದುಕೊಳ್ಳಿ. ಕರೆಂಟ್ ಮೋಟರ್ ಪಿಟ್‌ನಲ್ಲಿ ಇಳಿದು, ಮಣ್ಣಿನಲ್ಲಿ ಹಾದು, ಟಿಸಿ ಪಿಟ್‌ನಲ್ಲಿ ಮೇಲೆ ಬರಬೇಕು. ಒಟ್ಟು 11 ಓಮ್. 240 ಭಾಗ 11, ಅಂದರೆ ಸುಮಾರು 22 ಆಂಪಿಯರ್. ಬ್ರೇಕರ್ 200 ಆಂಪಿಯರಿನದು, ತಕ್ಷಣ ಬೀಳಲು ಅದಕ್ಕೆ 2,000 ಆಂಪಿಯರ್ ಬೇಕು. ಅದು ಬೀಳುವುದೇ ಇಲ್ಲ. ಆ ಹೊತ್ತಿನಲ್ಲಿ ಬಾಡಿಯ ಮೇಲೆ 9 ಓಮ್ ಗುಣಿಸು 22, ಸುಮಾರು 198 ವೋಲ್ಟ್ ನಿಂತಿರುತ್ತದೆ. ನಮ್ಮ ಅಳತೆಯಲ್ಲಿ ಜಾಯಿಂಟಿನ ಹಸಿ ಇಂಗಾಲ ಇನ್ನೊಂದು 12 ಓಮ್ ಸೇರಿಸಿದ್ದರಿಂದ 10 ಆಂಪಿಯರ್, 92 ವೋಲ್ಟ್‌ಗೆ ನಿಂತಿತ್ತು, ಅಷ್ಟೇ.

ಉಪ್ಪು-ನೀರು ಹಾಕಿ 9 ಓಮನ್ನು 4ಕ್ಕೆ ಇಳಿಸಿದೆವು ಅನ್ನಿ. ಒಟ್ಟು 6 ಓಮ್. 40 ಆಂಪಿಯರ್. ಬಾಡಿಯ ಮೇಲೆ ಆಗಲೂ 160 ವೋಲ್ಟ್. ಬ್ರೇಕರ್ ಆಗಲೂ ನಿಂತೇ ಇರುತ್ತದೆ. 2,000 ಆಂಪಿಯರ್ ಹರಿಯಬೇಕಾದರೆ ಹೋಗಿ ಬರುವ ದಾರಿಯೆಲ್ಲ ಕೂಡಿ 0.12 ಓಮ್ ಮೀರಬಾರದು. ಯಾವ ಪಿಟ್ಟೂ, ಎಷ್ಟು ಉಪ್ಪು ಸುರಿದರೂ, ಅದನ್ನು ಕೊಡುವುದಿಲ್ಲ. ನಮ್ಮ ಎರೆ ಮಣ್ಣಂತೂ ಏಪ್ರಿಲ್‌ನಲ್ಲಿ ಕೊಡುವುದೇ ಇಲ್ಲ. ಕೊಡಬಲ್ಲದ್ದು ಲೋಹ ಮಾತ್ರ: ಮೋಟರ್ ಬಾಡಿಯಿಂದ ಕೇಬಲ್ ಜೊತೆಜೊತೆಗೇ ಹೊರಟು ಟಿಸಿ ನ್ಯೂಟ್ರಲ್‌ವರೆಗೆ ಕಡಿಯದೆ ಹೋಗುವ ಪಟ್ಟಿ ಮತ್ತು ಆರ್ಮರ್. ಪಿಟ್ ಬೇಕು. ಸಿಡಿಲಿಗೆ ಬೇಕು, ನ್ಯೂಟ್ರಲ್ ನೆಲದ ಮಟ್ಟದಲ್ಲಿ ಕೂರಲು ಬೇಕು, ಹನ್ನೊಂದು ಕೆವಿ ಕಡೆಯ ದೋಷಕ್ಕೂ ಬೇಕು. ಆದರೆ 415 ವೋಲ್ಟ್ ಮೋಟರ್‌ನ ಬ್ರೇಕರ್ ಬೀಳಿಸುವ ಕೆಲಸ ಅದರದಲ್ಲ.

"ಅರ್ತಿಂಗ್ ಐತೇನ್ರಿ?" ಎಂದು ಕೇಳಿದರೆ ನಮ್ಮಲ್ಲಿ ಎಲ್ಲರೂ ಪಿಟ್ ಕಡೆ ಬೆರಳು ತೋರಿಸುತ್ತಾರೆ. "ದೋಷದ ಕರೆಂಟ್ ಟಿಸಿಗೆ ಯಾವ ದಾರಿಯಲ್ಲಿ ವಾಪಸ್ ಹೋಗುತ್ತದೆ?" ಎಂದು ಕೇಳಿ ನೋಡಿ. ಆಗ ಅಸಲಿ ಉತ್ತರ ಹೊರಬರುತ್ತದೆ.

ಸರಿಪಡಿಸಿದ್ದು

ಎರಡನೇ ಕೇಬಲನ್ನು ಪೂರ್ತಿ ತೆಗೆದು ಜಾಯಿಂಟ್ ಇಲ್ಲದ ಹೊಸ ಕೇಬಲ್ ಎಳೆದೆವು. ಜಾಯಿಂಟನ್ನೇ ಮತ್ತೆ ಚೆನ್ನಾಗಿ ಕಟ್ಟಬಹುದಿತ್ತು, ಖರ್ಚೂ ಕಡಿಮೆ. ಆದರೆ ನೀರು ನಿಲ್ಲುವ ಟ್ರೆಂಚಿನಲ್ಲಿ ಜಾಯಿಂಟ್ ಬೇಡ ಎಂದು ಮಾಲೀಕರೇ ತೀರ್ಮಾನಿಸಿದರು, ಅದು ಒಳ್ಳೆಯ ತೀರ್ಮಾನ. ಕೇಬಲ್‌ಗಳನ್ನು ಟ್ರೆಂಚಿನ ತಳದಿಂದ ಮೇಲೆತ್ತಿ ಗೋಡೆಯ ಬ್ರ್ಯಾಕೆಟ್ ಮೇಲೆ ಕೂರಿಸಿದೆವು. ಎರಡೂ ತುದಿಯಲ್ಲಿ ಸರಿಯಾದ ಗ್ಲ್ಯಾಂಡ್ (ಕೇಬಲ್ ತುದಿಯನ್ನೂ ಆರ್ಮರನ್ನೂ ಬಿಗಿಯಾಗಿ ಹಿಡಿಯುವ ಲೋಹದ ಭಾಗ) ಹಾಕಿ ಆರ್ಮರ್ ಎರಡೂ ಕಡೆ ಅರ್ತ್‌ಗೆ ಸೇರುವಂತೆ ಮಾಡಿದೆವು. ಕೂಲಿಂಗ್ ಟವರ್‌ನ ನೀರು ಟ್ರೆಂಚಿಗೆ ಇಳಿಯದ ಹಾಗೆ ಚಿಕ್ಕ ಕಟ್ಟೆ ಕಟ್ಟಿಸಿದರು.

ಪ್ಯಾನೆಲ್ಲಿನ ಅರ್ತ್ ಬಸ್‌ಬಾರ್‌ನಿಂದ ಮೋಟರ್‌ವರೆಗೆ 50×6 ಮಿಲಿಮೀಟರ್ ಜಿಐ (ಸತು ಲೇಪಿಸಿದ ಕಬ್ಬಿಣದ) ಪಟ್ಟಿ ಎರಡು ಸಾಲು. ಬಸ್‌ಬಾರ್‌ನಿಂದ ಟಿಸಿ ನ್ಯೂಟ್ರಲ್ ಅರ್ತ್‌ವರೆಗೂ ಎರಡು ಸಾಲು. ಹಳೇ ಪಿಟ್‌ಗಳನ್ನು ಬಿಸಾಡಲಿಲ್ಲ, ಅವನ್ನೂ ಇದಕ್ಕೇ ಸೇರಿಸಿದೆವು. ಆಮೇಲೆ ಲೂಪ್ ಟೆಸ್ಟರ್ (ದೋಷದ ಕರೆಂಟ್ ಹೋಗಿ ಬರುವ ಇಡೀ ದಾರಿಯ ಓಮ್ ಅಳೆಯುವ ಮೀಟರ್) ಹಾಕಿದಾಗ ಮೋಟರ್ ಹತ್ತಿರ 0.11 ಓಮ್ ಬಂತು. ಅಂದರೆ ದೋಷವಾದರೆ ಸುಮಾರು 2,180 ಆಂಪಿಯರ್ ಹರಿಯುತ್ತದೆ. ಬ್ರೇಕರ್‌ನ ಹತ್ತು ಪಟ್ಟಿನ ಸೆಟ್ಟಿಂಗಿಗೆ ಇದು ತೀರಾ ಅಂಚಿನಲ್ಲಿತ್ತು. ಹಾಗಾಗಿ ಅದನ್ನು ಎಂಟು ಪಟ್ಟಿಗೆ, 1,600 ಆಂಪಿಯರ್‌ಗೆ ಇಳಿಸಿದೆವು. ಚೇಂಜ್‌ಓವರ್ ಝಟಕಾಕ್ಕೆ ಬೀಳುತ್ತದೇನೋ ಎಂದು ಹಲವು ಸಲ ಚಾಲೂ ಮಾಡಿ ನೋಡಿದೆವು, ಬೀಳಲಿಲ್ಲ.

ಅರ್ತ್ ಲೀಕೇಜ್ ರಿಲೇ ವಾಪಸ್ ಬಂತು. 300 ಮಿಲಿಆಂಪಿಯರ್, 0.1 ಸೆಕೆಂಡ್. ಮೊದಲು ಎಲ್ಲಿತ್ತೋ ಅಲ್ಲಿಗೇ. ಟೈಮರ್ ಮತ್ತೆ 8 ಸೆಕೆಂಡಿಗೆ. ಸಾಫ್ಟ್ ಸ್ಟಾರ್ಟರ್ ಕೊಳ್ಳಲಿಲ್ಲ. ಕೊಂಡಿದ್ದರೆ ಏನಾಗುತ್ತಿತ್ತು ಎಂದು ಮಾಲೀಕರು ಕೇಳಿದರು. ಸಾಮಾನ್ಯ ಜೋಡಣೆಯಲ್ಲಿ ಸಾಫ್ಟ್ ಸ್ಟಾರ್ಟರ್‌ಗೆ ಮೂರು ವೈರ್ ಸಾಕು, ಎರಡನೇ ಕೇಬಲನ್ನು ಮೊದಲಿನದರ ಜೊತೆ ಜೋಡಿಯಾಗಿ ಕಟ್ಟಿಬಿಡುತ್ತಿದ್ದರು. ಆಗ ಅದೇ ಕೊಳೆತ ಜಾಯಿಂಟ್ ಶುರುವಿನಿಂದಲೇ ಫೇಸ್‌ಗೆ ಸೇರಿರುತ್ತಿತ್ತು, ಡೆಲ್ಟಾವರೆಗೆ ಕಾಯುವ ಮಾತೇ ಇರುತ್ತಿರಲಿಲ್ಲ.

ಈ ಪ್ರಕರಣದಿಂದ ಬೇರೆ ಕಡೆಗೆ ಒಯ್ಯಬಹುದಾದದ್ದು

ಸ್ಟಾರ್-ಡೆಲ್ಟಾ ಮೋಟರ್‌ನಲ್ಲಿ ಟ್ರಿಪ್ ಯಾವ ಗಳಿಗೆಯಲ್ಲಿ ಆಗುತ್ತದೆ ಎಂಬುದನ್ನು ಮೊದಲು ಹಿಡಿಯಿರಿ. ಬಟನ್ ಒತ್ತಿದ ಕೂಡಲೇ ಅರ್ತ್ ಟ್ರಿಪ್ ಆದರೆ ಮೊದಲ ಕೇಬಲ್ ಕಡೆ ಹುಡುಕಿ. ಡೆಲ್ಟಾ ಬಿದ್ದಾಗ ಆದರೆ ಎರಡನೇ ಕೇಬಲ್. ಟೈಮರ್ ತಿರುಗಿಸಿ ನೋಡುವುದು ಇದನ್ನು ಕಂಡುಹಿಡಿಯಲು ಒಳ್ಳೆಯ ಉಪಾಯ, ಔಷಧಿ ಅಲ್ಲ. ಓವರ್‌ಲೋಡ್ ಟ್ರಿಪ್ಪೋ ಅರ್ತ್ ಟ್ರಿಪ್ಪೋ ಎಂದು ಬೇರೆಬೇರೆಯಾಗಿ ಬರೆದಿಡಿ. ಇಲ್ಲಿನ ಲಾಗ್ ಬುಕ್ಕಿನಲ್ಲಿ ಎಲ್ಲ ದಿನವೂ "ಟ್ರಿಪ್" ಎಂದಷ್ಟೇ ಇತ್ತು.

ಮೆಗ್ಗರ್ ಹಾಕುವಾಗ ಕೇಬಲ್ ಬೇರೆ, ಮೋಟರ್ ಬೇರೆ ಮಾಡಿ ಹಾಕಿ. ಸೀರೀಸ್ ಲ್ಯಾಂಪ್, ಮಲ್ಟಿಮೀಟರ್ ನಂಬಬೇಡಿ. ಸಣ್ಣ ಸೋರಿಕೆಗೆ ಲ್ಯಾಂಪ್ ಉರಿಯುವುದಿಲ್ಲ, ಹಸಿಯಾದ ಇನ್ಸುಲೇಶನ್ ಮಲ್ಟಿಮೀಟರ್‌ನ ಸಣ್ಣ ಒತ್ತಡಕ್ಕೆ ಬಾಯಿಬಿಡದೆ ಇರಬಹುದು. ತೊಂದರೆ ಕಾಣಿಸಿಕೊಳ್ಳುವ ಹೊತ್ತಿನಲ್ಲೇ ಅಳೆಯಿರಿ. ಬೆಳಿಗ್ಗೆ ಟ್ರಿಪ್ ಆಗುವುದಾದರೆ ಬೆಳಿಗ್ಗೆಯೇ ಮೆಗ್ಗರ್ ಹಾಕಬೇಕು, ಮಧ್ಯಾಹ್ನ ಎಲ್ಲ ಒಣಗಿದ ಮೇಲೆ ಅಲ್ಲ. ತಾಪಮಾನವನ್ನೂ ಪಕ್ಕದಲ್ಲಿ ಬರೆಯಿರಿ. ಮೋಟರ್ ವೈಂಡಿಂಗ್ 10 ಡಿಗ್ರಿ ಬಿಸಿಯಾದರೆ ಇನ್ಸುಲೇಶನ್ ರೀಡಿಂಗ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬಿಸಿ ಮೋಟರ್‌ನದನ್ನು ತಣ್ಣನೆಯದರ ಜೊತೆ ಹೋಲಿಸಿ ಗಾಬರಿಯಾಗಬೇಡಿ.

ರಿಲೇ ಸೆಟ್ಟಿಂಗ್ ಏರಿಸುವ ಕೈಗೆ ಒಂದು ತಡೆ ಬೇಕು. ಯಾರು, ಯಾಕೆ, ಎಷ್ಟಕ್ಕೆ ಏರಿಸಿದರು ಎಂದು ಸಹಿ ಹಾಕಿಸಿ. ಬೈಪಾಸ್ ಮಾಡುವ ಅಧಿಕಾರ ಯಾರಿಗೂ ಇರಬಾರದು. ಇಲ್ಲಿ ರಿಲೇ ಮೊದಲ ದಿನದಿಂದ ಕೊನೆಯ ದಿನದವರೆಗೆ ಸರಿಯಾಗಿಯೇ ಕೆಲಸ ಮಾಡಿತ್ತು. ಎಲ್ಲರೂ ಸೇರಿ ಅದರ ಬಾಯಿ ಮುಚ್ಚಿಸಿದರು.

ಮರುವರ್ಷದ ಬೇಸಿಗೆಯಲ್ಲಿ ಮತ್ತೆ ಹೋಗಿ ಅಳೆದೆವು. ಮೋಟರ್ ಪಿಟ್‌ಗಳನ್ನು ಬೇರ್ಪಡಿಸಿ ನೋಡಿದಾಗ 11 ಓಮ್, ಅಂದರೆ ಮೊದಲಿಗಿಂತ ಕೆಟ್ಟದ್ದು. ಲೂಪ್ ಮಾತ್ರ 0.11ರಲ್ಲೇ ಇತ್ತು. ಎರಡನೇ ಕಂಪ್ರೆಸರ್‌ಗೂ ಅದೇ ಥರ ಪಟ್ಟಿ ಎಳೆದಾಗಿದೆ. ಚೇಂಬರ್‌ನ ಫ್ಯಾನ್ ಮೋಟರ್‌ಗಳು ಇನ್ನೂ ಹಳೇ ಪಿಟ್ ಮೇಲೆಯೇ ಇವೆ. ಮಾಲು ಖಾಲಿಯಾದ ಮೇಲೆ ಆ ಕೆಲಸ ಹಿಡಿಯಬೇಕು, ಅಲ್ಲಿಯವರೆಗೆ ಆ ಫೀಡರ್‌ಗಳಿಗೆಲ್ಲ 30 ಮಿಲಿಆಂಪಿಯರ್‌ನ ಅರ್ತ್ ಲೀಕೇಜ್ ಬ್ರೇಕರ್ ಹಾಕಿಸಿದ್ದೇವೆ.